ಕಾರಿನ ಬೆನ್ನ ಮೇಲಿನ ಹೆಸರು ಯಾರದು?

(ಇಲ್ಲದ ಕಾರು ಕಂಪನಿಯೊಂದನ್ನು ಕುರಿತು ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಒಂದನ್ನು ಮಾತ್ರ ಸೇರಿಸಿದ್ದೇನೆ.)

ಕಾರು ಕಾರ್ಖಾನೆಯ ಅಸೆಂಬ್ಲಿ ಲೈನಿನ ಕೊನೆಯ ಹಂತಗಳಲ್ಲಿ ಒಂದು ಸಣ್ಣ ಕೆಲಸವಿದೆ. ಡಿಕ್ಕಿಯ ಬಾಗಿಲನ್ನು ಸ್ಪಿರಿಟ್ ಬಟ್ಟೆಯಿಂದ ಒರೆಸುತ್ತಾರೆ. ಅಳತೆಯ ಅಚ್ಚೊಂದನ್ನು ಅಂಚಿಗೆ ಕೂರಿಸುತ್ತಾರೆ. ಬೆನ್ನಿಗೆ ಅಂಟು ಬಳಿದ ಅಕ್ಷರಗಳ ಪಟ್ಟಿಯನ್ನು ಅದರೊಳಗಿಟ್ಟು ಹೆಬ್ಬೆರಳಿನಿಂದ ಒತ್ತುತ್ತಾರೆ, ಮೇಲಿನ ಹಾಳೆಯನ್ನು ಸುಲಿಯುತ್ತಾರೆ. ಅಷ್ಟೇ. ಅಲ್ಲಿಯವರೆಗೆ ತಗಡು, ಗಾಜು, ರಬ್ಬರು, ತಂತಿಯಾಗಿದ್ದದ್ದು ಆ ಗಳಿಗೆಯಿಂದ ಫೋರ್ಡ್ ಆಗುತ್ತದೆ, ಹೋಂಡಾ ಆಗುತ್ತದೆ. ಒತ್ತಿದ ಹೆಬ್ಬೆರಳಿನವನು ಮುಂದಿನ ಕಾರಿಗೆ ತಿರುಗುತ್ತಾನೆ.

ನನಗೆ ಕೊಟ್ಟಿರುವ ವಿಷಯ, ಕಾರ್ಮಿಕರೇ ಮಾಲೀಕರಾಗಿರುವ ಒಂದು ಕಾಲ್ಪನಿಕ ಕಾರು ಕಂಪನಿ ಮತ್ತು ಅದರ ಬ್ರಾಂಡುಗಳು. ಕಾಲ್ಪನಿಕ ಅಂದಮೇಲೆ ಸಲೀಸು, ಬಾಯಿಗೆ ಬಂದದ್ದು ಹೇಳಬಹುದು ಅಂದುಕೊಂಡು ಒಪ್ಪಿದೆ. ಬರೆಯಲು ಕೂತಾಗ ಗೊತ್ತಾಯಿತು. ಸಂಬಳ ಎಷ್ಟಿರಬೇಕು, ಸಭೆ ಹೇಗೆ ನಡೆಯಬೇಕು, ಫೋರ್‌ಮನ್ನನ್ನು ಯಾರು ಆರಿಸಬೇಕು ಎಂಬುದಕ್ಕೆಲ್ಲ ಒಂದಲ್ಲ ಒಂದು ಕಡೆ ಉತ್ತರ ಹುಡುಕಿದವರಿದ್ದಾರೆ. ಬಗೆಹರಿಯದೆ ಉಳಿದದ್ದು ಆ ಹೆಬ್ಬೆರಳು ಒತ್ತುವ ಹೆಸರು. ಅದು ಯಾರ ಆಸ್ತಿ? ಅದನ್ನು ಕಿತ್ತು ಹಾಕುವ ಹಕ್ಕು ಯಾರದು?

ಮೊದಲು ಇರುವ ಹೆಸರುಗಳನ್ನು ನೋಡೋಣ. ಫೋರ್ಡ್, ಹೋಂಡಾ, ರೆನೊ, ಸಿಟ್ರೊಯೆನ್, ಫೆರಾರಿ, ಪೋರ್ಷೆ, ಎಲ್ಲವೂ ಮನೆತನದ ಹೆಸರುಗಳೇ. ಟೊಯೊಟಾ ಕೂಡ ಮೂಲದಲ್ಲಿ ಟೊಯೊಡಾ. 1936ರಲ್ಲಿ ಒಂದಕ್ಷರ ಬದಲಾಯಿತು, ಜಪಾನಿ ಲಿಪಿಯಲ್ಲಿ ಹೊಸ ರೂಪಕ್ಕೆ 8 ಗೆರೆ ಸಾಕು, 8 ಅವರಿಗೆ ಶುಭ ಸಂಖ್ಯೆ. ಮರ್ಸಿಡಿಸ್ ಒಬ್ಬ ಹುಡುಗಿಯ ಹೆಸರು. ಡೈಮ್ಲರ್ ಕಾರುಗಳನ್ನು ಮಾರುತ್ತಿದ್ದ ಎಮಿಲ್ ಯೆಲಿನೆಕ್ ಎಂಬ ಶ್ರೀಮಂತ ತನ್ನ ಮಗಳ ಹೆಸರನ್ನು ಕಾರಿಗೆ ಇಡಿಸಿದ, ಆಮೇಲೆ 1903ರಲ್ಲಿ ತನ್ನ ಹೆಸರಿಗೂ ಅದನ್ನೇ ಸೇರಿಸಿಕೊಂಡ. ಮಗಳಿಂದ ಕಾರಿಗೆ, ಕಾರಿನಿಂದ ಅಪ್ಪನಿಗೆ.

ಇವುಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಆಗಸ್ಟ್ ಹಾರ್ಖ್‌ನ ಪಾಡು. ಜರ್ಮನಿಯಲ್ಲಿ ತನ್ನ ಹೆಸರಿನಲ್ಲೇ ಕಾರು ಕಂಪನಿ ಕಟ್ಟಿದ. 1909ರಲ್ಲಿ ಜಗಳವಾಗಿ ಹೊರಬಿದ್ದ, ಬೇರೆ ಕಂಪನಿ ಶುರು ಮಾಡಿ ಅದಕ್ಕೂ ತನ್ನ ಹೆಸರಿಟ್ಟ. ಹಳೇ ಕಂಪನಿ ಕೋರ್ಟಿಗೆ ಹೋಯಿತು, ಗೆದ್ದಿತು. ಅಂದರೆ ಅವನ ಹೆಸರನ್ನು ಅವನೇ ಬಳಸುವಂತಿಲ್ಲ! ಹಾರ್ಖ್ ಎಂದರೆ ಜರ್ಮನ್ ಭಾಷೆಯಲ್ಲಿ 'ಕೇಳು' ಎಂದರ್ಥ. ಜೊತೆಗಾರನ ಮಗ, ಲ್ಯಾಟಿನ್ ಓದುತ್ತಿದ್ದ ಹುಡುಗ, ಅದನ್ನು ಲ್ಯಾಟಿನ್ನಿಗೆ ತಿರುಗಿಸಿಕೊಟ್ಟ. ಆಡಿ ಹುಟ್ಟಿದ್ದು ಹಾಗೆ. ಹೆಸರು ಒಮ್ಮೆ ಕಂಪನಿಯ ಆಸ್ತಿಯಾಯಿತೆಂದರೆ ಹೆತ್ತವನಿಗೂ ಸಿಗುವುದಿಲ್ಲ. ಇನ್ನು ಹೆಬ್ಬೆರಳಿನವನ ಗತಿ ಏನು?

ಹೆಸರಿನಲ್ಲಿ ಜನ ಇದ್ದರೆ ಸಾಲದು ಎಂಬುದಕ್ಕೂ ಒಂದು ಉದಾಹರಣೆ ಇದೆ. ಫೋಕ್ಸ್‌ವ್ಯಾಗನ್ ಎಂದರೆ ಜನರ ಕಾರು. ನಾಜಿ ಕಾಲದಲ್ಲಿ ವಾರಕ್ಕೆ 5 ಮಾರ್ಕಿನ ಸ್ಟಾಂಪು ಅಂಟಿಸಿಕೊಂಡು ಹೋದರೆ ಕಾರು ಸಿಗುತ್ತದೆ ಎಂದು ನಂಬಿ ಸುಮಾರು 3,36,000 ಜನ ದುಡ್ಡು ಕಟ್ಟಿದರು. ಒಬ್ಬರಿಗೂ ಕಾರು ಸಿಗಲಿಲ್ಲ. ಆ ಕಾರ್ಖಾನೆ ಎದ್ದದ್ದು 1933ರ ಮೇ ತಿಂಗಳಲ್ಲಿ ಕಾರ್ಮಿಕ ಸಂಘಗಳಿಂದ ಕಸಿದುಕೊಂಡ ಆಸ್ತಿಯನ್ನೂ ಬಳಸಿ. ಕಾರ್ಮಿಕರ ಹಣ, ಜನರ ಹೆಸರು, ಒಡೆತನ ಮಾತ್ರ ಇಬ್ಬರದ್ದೂ ಅಲ್ಲ.

ಹಾಗಾದರೆ ದುಡಿಯುವವರ ಹೆಸರು ಕಂಪನಿಗೆ ಬಂದದ್ದು ಎಲ್ಲೂ ಇಲ್ಲವೇ? ಒಂದು ಕಡೆ ಇದೆ. ಸ್ಪೇನಿನ ಬಾಸ್ಕ್ ನಾಡಿನ ಮೊಂಡ್ರಾಗೊನ್‌ನಲ್ಲಿ ಅರಿಸ್ಮೆಂಡಿಯರ್ರಿಯೆಟಾ ಎಂಬ ಪಾದ್ರಿ 1943ರಲ್ಲಿ ಒಂದು ತಾಂತ್ರಿಕ ಶಾಲೆ ತೆರೆದರು. ಅಲ್ಲಿ ಕಲಿತ ಐದು ಜನ 1956ರಲ್ಲಿ ಸೀಮೆಎಣ್ಣೆ ಒಲೆ ಮಾಡುವ ಕಾರ್ಖಾನೆ ಹಾಕಿದರು. ಉಸತೋರೆ, ಲಾರ್ರಾನ್ಯಾಗ, ಗೊರ್ರೊನ್ಯೊಗೊಯ್ತಿಯಾ, ಒರ್ಮಾಯೆಚೆಯಾ, ಒರ್ತುಬಾಯ್. ಐವರ ಹೆಸರಿನ ಮೊದಲಕ್ಷರಗಳನ್ನು ಹೊಲಿದು ಉಲ್ಗೋರ್ ಎಂದು ಕರೆದರು. ಉಚ್ಚರಿಸಲು ಹಿತವಾಗಿಲ್ಲ, ಆದರೆ ಮರ್ಯಾದೆಯ ಹೆಸರು. ಮುಂದೆ ಅಲ್ಲಿ ಸಹಕಾರಿಗಳ ದೊಡ್ಡ ಕೂಟವೇ ಬೆಳೆಯಿತು: ಒಬ್ಬರಿಗೆ ಒಂದು ಮತ, ಸೇರುವಾಗ ಪ್ರತಿಯೊಬ್ಬರೂ ಹಾಕುವ ಬಂಡವಾಳ, ಬಿಟ್ಟು ಹೋಗುವವರೆಗೆ ತೆಗೆಯಲಾಗದ ಸ್ವಂತ ಖಾತೆ, ಕೆಳಗಿನ ಸಂಬಳಕ್ಕೂ ಮೇಲಿನದಕ್ಕೂ ಮೊದಲಿಗೆ 1ಕ್ಕೆ 3ರ ಅಂತರ. ಅವರ ಸಹಕಾರಿಗಳು ದೊಡ್ಡ ಕಾರು ಕಂಪನಿಗಳಿಗೆ ಎರಕದ ಭಾಗಗಳನ್ನೂ ಪ್ಲಾಸ್ಟಿಕ್ ಭಾಗಗಳನ್ನೂ ಮಾಡಿಕೊಡುತ್ತವೆ. ಕಾರಿನ ಹೊಟ್ಟೆಯೊಳಗೆ ಅವರಿದ್ದಾರೆ, ಬೆನ್ನ ಮೇಲೆ ಇಲ್ಲ.

ಈಗ ನನ್ನ ಕಂಪನಿ. ಅದಕ್ಕೆ ಕೈಮರ ಎಂದು ಹೆಸರಿಟ್ಟಿದ್ದೇನೆ. ದಾರಿ ತೋರಿಸುವ ಕಂಬ, ಜೊತೆಗೆ ಹೆಸರೊಳಗೇ ಒಂದು ಕೈ ಇದೆ. ಇದು ಯಾವ ದೇಶದಲ್ಲೂ ಇಲ್ಲ. 6,000 ಸದಸ್ಯರು, ಎಲ್ಲರಿಗೂ ಒಂದೊಂದು ಮತ. ಬ್ರಾಂಡು ಮೂರು. ಗುಬ್ಬಿ ಎಂಬ ಪುಟ್ಟ ಪೆಟ್ರೋಲ್ ಕಾರು. ಹೆಗಲು ಎಂಬ ಸರಕು ವ್ಯಾನು. ಮೂರನೆಯದು ದೊಡ್ಡದು, ಚರ್ಮದ ಸೀಟಿನದು, ಅದರ ಹೆಸರು ಮೇನೆ. ಈ ಮೂರನೆಯ ಹೆಸರನ್ನು ಸಭೆಯಲ್ಲಿ ಪೇಂಟ್ ಶಾಪಿನವನೊಬ್ಬ ಕುಚೋದ್ಯಕ್ಕೆ ಸೂಚಿಸಿದ್ದು ಎಂದು ಊಹಿಸಿಕೊಳ್ಳಿ. ಮೇನೆ ಹೊರುವವರು ಮೇನೆಯಲ್ಲಿ ಕೂರುವುದಿಲ್ಲವಲ್ಲ. ಕುಚೋದ್ಯವೇ ಬಹುಮತ ಪಡೆದುಬಿಟ್ಟಿತು.

ಯಾಕೆ ಮೂರು, ಒಂದೇ ಸಾಲದೇ ಎಂದು ಕೇಳಬಹುದು. ಬ್ರಾಂಡುಗಳ ಏಣಿಯನ್ನು ಈ ಉದ್ಯಮಕ್ಕೆ ಕಲಿಸಿದವನು ಜನರಲ್ ಮೋಟರ್ಸ್‌ನ ಆಲ್ಫ್ರೆಡ್ ಸ್ಲೋನ್. 1920ರ ದಶಕದಲ್ಲಿ ಅವನು ಕಂಪನಿಯ ಕಾರುಗಳನ್ನು ಜನರ ಜೇಬಿನ ಲೆಕ್ಕದಲ್ಲಿ ಜೋಡಿಸಿದ. ತಳದಲ್ಲಿ ಶೆವ್ರೊಲೆ, ಅದರ ಮೇಲೆ ಓಕ್‌ಲ್ಯಾಂಡ್ (ಅದರ ಜಾಗಕ್ಕೆ ಮುಂದೆ ಪಾಂಟಿಯಾಕ್ ಬಂತು), ಓಲ್ಡ್ಸ್‌ಮೊಬೀಲ್, ಬ್ಯುಯಿಕ್, ತುದಿಯಲ್ಲಿ ಕ್ಯಾಡಿಲಾಕ್. ಮನುಷ್ಯ ಬಡ್ತಿ ಪಡೆದಂತೆ ಕಾರೂ ಮೆಟ್ಟಿಲು ಹತ್ತಬೇಕು. ಪಕ್ಕದ ಮನೆಯವನು ಯಾವ ಮೆಟ್ಟಿಲಲ್ಲಿದ್ದಾನೆ ಎಂಬುದು ಬೀದಿಯಲ್ಲಿ ನಿಂತ ಕಾರು ನೋಡಿದರೇ ತಿಳಿಯಬೇಕು. ಎಲ್ಲರಿಗೂ ಒಂದೇ ಮತ ಇರುವ ಕೂಟ ಇಂಥ ಏಣಿಯನ್ನು ಮಾರಬಹುದೇ? ನನ್ನ ಉತ್ತರ ನಿಮಗೆ ರುಚಿಸಲಿಕ್ಕಿಲ್ಲ, ಆದರೂ ಹೇಳುತ್ತೇನೆ: ಮಾರಲೇಬೇಕು. ಪುಟ್ಟ ಕಾರಿನಲ್ಲಿ ಲಾಭ ತೆಳು. ಬಾಗಿಲು, ಬ್ರೇಕು, ವೈರಿಂಗು ಎರಡರಲ್ಲೂ ಇರಬೇಕು. ದೊಡ್ಡ ಕಾರಿಗೆ ಒಂದಷ್ಟು ಹೆಚ್ಚು ತಗಡು, ಚರ್ಮ ಬಿದ್ದರೂ ಬೆಲೆ ಅದಕ್ಕಿಂತ ಎಷ್ಟೋ ಮೇಲೆ ಹೋಗುತ್ತದೆ. ಗುಬ್ಬಿಯನ್ನು ಎಲ್ಲರೂ ಮುದ್ದಿಸುತ್ತಾರೆ, ಸಂಬಳ ಕೊಡುವುದು ಮೇನೆ.

ಸ್ಲೋನ್‌ನ ವಿಷಯ ಬಂದದ್ದರಿಂದ ಒಂದು ಅಡ್ಡಮಾತು. ಅವನು ಜನರಲ್ ಮೋಟರ್ಸ್‌ಗೆ ಬಂದದ್ದು ಹಯಾಟ್ ರೋಲರ್ ಬೇರಿಂಗ್ ಎಂಬ ಕಂಪನಿಯ ಮೂಲಕ. ಅದನ್ನು 1916ರಲ್ಲಿ 1.35 ಕೋಟಿ ಡಾಲರಿಗೆ ಮಾರಿ ಒಳಗೆ ಬಂದ. ಆ ಹಯಾಟ್‌ನ ವಂಶದ ಒಂದು ಬೇರಿಂಗ್ ಕಾರ್ಖಾನೆ ನ್ಯೂಜೆರ್ಸಿಯ ಕ್ಲಾರ್ಕ್ ಎಂಬಲ್ಲಿತ್ತು. ಅದನ್ನು ಕೈಬಿಡುತ್ತೇವೆಂದು ಜನರಲ್ ಮೋಟರ್ಸ್ ಹೇಳಿದಾಗ ಅಲ್ಲಿನ ಕಾರ್ಮಿಕರೇ 1981ರಲ್ಲಿ, ತಮ್ಮ ಪರವಾಗಿ ಷೇರು ಹಿಡಿದಿಡುವ ಟ್ರಸ್ಟಿನ ಮೂಲಕ ಕೊಂಡುಕೊಂಡರು. ಏಣಿ ಕಟ್ಟಿದವನ ತೊಟ್ಟಿಲು ಕಾರ್ಮಿಕರ ಕೈಗೆ ಬಂತು. ಬೇರಿಂಗ್ ಚೆನ್ನಾಗಿಯೇ ಮಾಡಿದರು. ಆದರೆ ದೊಡ್ಡ ಗಿರಾಕಿ ಅದೇ ಜನರಲ್ ಮೋಟರ್ಸ್. ಹಿಂದಿನ ಚಕ್ರ ತಿರುಗಿಸುವ ಕಾರುಗಳಿಂದ ಮುಂದಿನ ಚಕ್ರ ತಿರುಗಿಸುವ ಕಾರುಗಳತ್ತ ಉದ್ಯಮ ವಾಲಿದಂತೆ ಅವರ ಬೇರಿಂಗಿನ ಬೇಡಿಕೆ ಕರಗಿತು. 1987ರಲ್ಲಿ ಬಾಗಿಲು ಮುಚ್ಚಿತು. ಬೇರಿಂಗಿಗೆ ಬೀದಿಯಲ್ಲಿ ಹೆಸರಿಲ್ಲ. ಅದನ್ನು ಹೆಸರು ಹಿಡಿದು ಕೇಳುವ ಗಿರಾಕಿ ಇಲ್ಲ. ಅದಕ್ಕೇ ಕೈಮರ ಬಿಡಿಭಾಗ ಮಾಡಿ ಸುಖವಾಗಿರಲಿ ಎಂದು ನಾನು ಬಿಡಲಿಲ್ಲ. ಪೂರ್ತಿ ಕಾರನ್ನೇ ಮಾಡಿಸಿದೆ.

ಪೂರ್ತಿ ಕಾರು ಮಾಡಿದವರಲ್ಲಿ ನನ್ನ ಕಲ್ಪನೆಗೆ ಹತ್ತಿರದವರು ಸರ್ಬಿಯಾದ ಕ್ರಾಗುಯೆವಾಟ್ಸ್ ಪಟ್ಟಣದವರು. ಕಂಪನಿಯ ಹೆಸರು ಜಸ್ತಾವಾ, ಬಾವುಟ ಎಂದರ್ಥ. ಸರ್ಬಿಯಾ ಆಗ ಸೇರಿದ್ದ ಯುಗೊಸ್ಲಾವಿಯಾದಲ್ಲಿ 1950ರ ಕಾನೂನಿನಿಂದ ಕಾರ್ಖಾನೆಗಳು ಕಾರ್ಮಿಕರ ಮಂಡಳಿಗಳ ಕೈಗೆ ಬಂದವು. ಜಸ್ತಾವಾ ಫಿಯಟ್ ಪರವಾನಗಿಯಲ್ಲಿ ಕಾರು ಮಾಡಿತು, ಆಮೇಲೆ ಯುಗೊ ಎಂಬ ಪುಟ್ಟ ಕಾರು ಮಾಡಿತು. 1985ರಲ್ಲಿ ಅದು ಅಮೆರಿಕದಲ್ಲಿ 3,990 ಡಾಲರಿಗೆ ಮಾರಾಟಕ್ಕೆ ಬಂತು, ಅಲ್ಲಿ ಜೋಕುಗಳಿಗೆ ಆಹಾರವೂ ಆಯಿತು. ಆ ಜೋಕುಗಳು ನನಗೆ ಅಷ್ಟಾಗಿ ನಗು ತರಿಸುವುದಿಲ್ಲ. 2008ರವರೆಗೆ 8 ಲಕ್ಷಕ್ಕೆ ಹತ್ತಿರದಷ್ಟು ಯುಗೊ ಮಾಡಿದ ಕೈಗಳವು. ಆದರೆ ಒಡೆತನದ ಮಾತಿಗೆ ಬಂದರೆ ಅಲ್ಲೊಂದು ತೊಡಕಿತ್ತು. ಕಾರ್ಖಾನೆ ಕಾರ್ಮಿಕರದ್ದಲ್ಲ, ಸರ್ಕಾರದ್ದೂ ಅಲ್ಲ, 'ಸಮಾಜದ' ಆಸ್ತಿ. ನಡೆಸುವ ಹಕ್ಕು ಇದೆ, ಪಾಲು ಇಲ್ಲ. ಹಾಗಿರುವಾಗ ಇನ್ನು ಮೂರು ವರ್ಷಕ್ಕೆ ನಿವೃತ್ತಿಯಾಗುವವನು ಏಳು ವರ್ಷಕ್ಕೆ ಫಲ ಕೊಡುವ ಹೊಸ ಮಾಡೆಲ್ಲಿಗೆ ಯಾಕೆ ಮತ ಹಾಕಬೇಕು? ಅರ್ಥಶಾಸ್ತ್ರಜ್ಞರಾದ ಫುರುಬೊಟ್ನ್ ಮತ್ತು ಪೆಯೊವಿಚ್ ಇದನ್ನೇ ದಿಗಂತದ ಸಮಸ್ಯೆ ಎಂದರು. ಒಬ್ಬೊಬ್ಬರ ಕಣ್ಣು ಎಷ್ಟು ದೂರ ಹಾಯುತ್ತದೋ ಅಲ್ಲಿಗೇ ಅವರ ಮತವೂ ನಿಲ್ಲುತ್ತದೆ.

ಇಂಥ ಕಂಪನಿಯನ್ನು ಕಲ್ಪಿಸಿಕೊಂಡವನು ನಾನೊಬ್ಬನೇ ಅಲ್ಲ. 1958ರಲ್ಲಿ ಬೆಂಜಮಿನ್ ವಾರ್ಡ್ ಎಂಬ ಅಮೆರಿಕನ್ ಅರ್ಥಶಾಸ್ತ್ರಜ್ಞ ಇಲಿರಿಯಾ ಎಂಬ ದೇಶವನ್ನು ಊಹಿಸಿ ಅಲ್ಲೊಂದು ಕಾರ್ಮಿಕರ ಕಂಪನಿಯನ್ನು ಇಟ್ಟ. ಅವನ ಲೆಕ್ಕದಲ್ಲಿ ಒಂದು ವಿಚಿತ್ರ ಹೊರಬಿತ್ತು: ಮಾಲಿನ ಬೆಲೆ ಏರಿದರೆ ಆ ಕಂಪನಿ ಹೆಚ್ಚು ಮಾಡುವುದಿಲ್ಲ, ಕಡಿಮೆ ಮಾಡುತ್ತದೆ. ತಲೆಗೆ ಬರುವ ಪಾಲು ದೊಡ್ಡದಾಗಬೇಕಾದರೆ ತಲೆಗಳು ಕಡಿಮೆಯಾಗಬೇಕಲ್ಲ! ಕಾಗದದ ಮೇಲೆ ತಪ್ಪು ಹುಡುಕುವುದು ಕಷ್ಟ. ಮನುಷ್ಯರು ಮಾತ್ರ ಹಾಗೆ ನಡೆದುಕೊಳ್ಳಲಿಲ್ಲ. ಅಮೆರಿಕದ ವಾಯವ್ಯ ಭಾಗದ ಪ್ಲೈವುಡ್ ಸಹಕಾರಿಗಳಲ್ಲಿ ಮಾರುಕಟ್ಟೆ ಬಿದ್ದಾಗ ಸದಸ್ಯರು ಜೊತೆಗಾರರನ್ನು ಮನೆಗೆ ಕಳಿಸುವ ಬದಲು ಎಲ್ಲರ ಸಂಬಳ ಇಳಿಸಿಕೊಂಡರು. ಪಕ್ಕದಲ್ಲಿ ನಿಂತು ಗರಗಸ ಹಿಡಿದವನನ್ನು ಸಮೀಕರಣದಿಂದ ಅಳಿಸುವುದು ಸುಲಭ, ಗೇಟಿನಿಂದ ಹೊರಗೆ ಕಳಿಸುವುದು ಅಷ್ಟು ಸುಲಭವಲ್ಲ.

ಈಗ ಹೆಸರಿನ ಕತೆಗೆ ಮರಳುತ್ತೇನೆ. ಇಡೀ ಉಪನ್ಯಾಸ ನಿಂತಿರುವುದು ಇಂಗ್ಲೆಂಡಿನ ಮೆರಿಡನ್ ಎಂಬ ಊರಿನ ಮೇಲೆ. ಅಲ್ಲಿ ತಯಾರಾಗುತ್ತಿದ್ದದ್ದು ಕಾರಲ್ಲ, ಟ್ರಯಂಫ್ ಮೋಟರ್‌ಸೈಕಲ್. 1973ರ ಸೆಪ್ಟೆಂಬರಿನಲ್ಲಿ ಕಾರ್ಖಾನೆ ಮುಚ್ಚುತ್ತೇವೆಂದು ಮಾಲೀಕರು ಘೋಷಿಸಿದರು. ಕಾರ್ಮಿಕರು ಗೇಟಿಗೆ ಅಡ್ಡ ಕೂತರು. ತಯಾರಾದ ಬೈಕುಗಳನ್ನಾಗಲಿ ಯಂತ್ರಗಳನ್ನಾಗಲಿ ಹೊರಗೆ ಬಿಡಲಿಲ್ಲ. ಹೀಗೆ ಸುಮಾರು ಒಂದೂವರೆ ವರ್ಷ. ಆಗಿನ ಕೈಗಾರಿಕಾ ಮಂತ್ರಿ ಟೋನಿ ಬೆನ್ ಅವರ ಬೆಂಬಲ ಸಿಕ್ಕಿ, 42 ಲಕ್ಷ ಪೌಂಡ್ ಸಾಲ, 7.5 ಲಕ್ಷ ಪೌಂಡ್ ಅನುದಾನ ಬಂದು, 1975ರ ಮಾರ್ಚಿನಲ್ಲಿ ಸಹಕಾರಿ ಕಾರ್ಖಾನೆ ಶುರುವಾಯಿತು. ಎಲ್ಲರಿಗೂ ಒಂದೇ ಸಂಬಳ. ಸಂತೋಷದ ಕತೆ ಅನ್ನಿಸುತ್ತದೆ ಅಲ್ಲವೇ? ಈಗ ಕೇಳಿ. ಕಾರ್ಖಾನೆ ಅವರದ್ದು, ಯಂತ್ರ ಅವರದ್ದು, ಕೈ ಅವರದ್ದು. ಆದರೆ ಬೈಕನ್ನು ಜಗತ್ತಿಗೆ ಮಾರುವ ಹಕ್ಕು ಹಳೇ ಕಂಪನಿಯ ಬಳಿಯೇ ಉಳಿದಿತ್ತು. ಅದನ್ನು ಅವರು ಕೊಂಡುಕೊಳ್ಳಲು ಸಾಧ್ಯವಾದದ್ದು 1977ರಲ್ಲಿ. ಎರಡು ವರ್ಷ ತಾವು ಮಾಡಿದ ಬೈಕನ್ನು ತಾವೇ ಮಾರುವಂತಿರಲಿಲ್ಲ.

ಹಕ್ಕು ಕೈಗೆ ಬಂದಾಗಲೂ ಅವರ ಬಳಿ ಇದ್ದ ಮಾಲು ಬಾನ್ವಿಲ್. ಒಳ್ಳೇ ಬೈಕು, ಹೆಸರಾಂತ ಬೈಕು; ಮೂಲ ಮಾತ್ರ 1959ರದ್ದು. ಎದುರಿಗೆ ಜಪಾನಿನ ಹೊಸ ಇಂಜಿನ್‌ಗಳು. ಹೊಸ ಮಾಡೆಲ್ ಮಾಡಬೇಕೆಂದರೆ ಹಣ ಬೇಕು, ಹಣ ಬೇಕೆಂದರೆ ಹಳೇ ಮಾಡೆಲ್ ಓಡಬೇಕು. 1983ರ ಆಗಸ್ಟಿನಲ್ಲಿ ಎಲ್ಲ ಮುಗಿಯಿತು. ಆಮೇಲೆ ಜಾನ್ ಬ್ಲೂರ್ ಎಂಬ ಕಟ್ಟಡ ಉದ್ಯಮಿ ದಿವಾಳಿ ಅಧಿಕಾರಿಯಿಂದ ಟ್ರಯಂಫ್ ಎಂಬ ಹೆಸರನ್ನು ಕೊಂಡುಕೊಂಡ, ಹಿಂಕ್ಲಿಯಲ್ಲಿ ಹೊಸ ಕಾರ್ಖಾನೆ ಕಟ್ಟಿದ. ಇವತ್ತು ರಸ್ತೆಯಲ್ಲಿ ಹೊಸ ಬಾನ್ವಿಲ್ ಓಡುತ್ತಿದೆ. ಬ್ಲೂರ್‌ನನ್ನು ನಾನು ದೂರುತ್ತಿಲ್ಲ, ಅವನು ಆ ಹೆಸರನ್ನು ಚೆನ್ನಾಗಿ ಸಾಕಿದ. ನಾನು ನೋಡುತ್ತಿರುವುದು ಇಷ್ಟು: ಒಂದೂವರೆ ವರ್ಷ ಗೇಟಿನಲ್ಲಿ ಕೂತು ಅವರು ಉಳಿಸಿದ್ದು ಏನನ್ನು? ಯಂತ್ರಗಳನ್ನಲ್ಲ, ಅವು ಹಳತಾದವು. ಕೊನೆಗೆ ಬೆಲೆ ಬಾಳಿದ್ದು ಹೆಸರು. ಅದು ಅವರ ಕೈ ದಾಟಿ ಹೋಯಿತು.

ಇನ್ನೆರಡು ಮೂರು ಉದಾಹರಣೆಗಳನ್ನು ಬೇಗ ಮುಗಿಸುತ್ತೇನೆ. ಸ್ವೀಡನ್ನಿನ ಉದೆವಾಲಾದಲ್ಲಿ ವೋಲ್ವೊ ಅಸೆಂಬ್ಲಿ ಲೈನನ್ನೇ ಕೈಬಿಟ್ಟು, ಸಣ್ಣ ತಂಡಗಳು ಇಡೀ ಕಾರನ್ನು ಜೋಡಿಸುವಂತೆ ಮಾಡಿತ್ತು. ದುಡಿಮೆಗೆ ಅಷ್ಟು ಗೌರವ ಕೊಟ್ಟ ಕಾರು ಕಾರ್ಖಾನೆ ನನಗೆ ಇನ್ನೊಂದು ಗೊತ್ತಿಲ್ಲ. ಅದನ್ನು 1993ರಲ್ಲಿ ಮುಚ್ಚಿದ್ದು ಮೇಲಿನ ಕಚೇರಿ. ಅಮೆರಿಕದಲ್ಲಿ ಜನರಲ್ ಮೋಟರ್ಸ್ ಸ್ಯಾಟರ್ನ್ ಎಂಬ ಹೊಸ ಬ್ರಾಂಡನ್ನು ಕಾರ್ಮಿಕ ಸಂಘದ ಜೊತೆ ಸೇರಿ ಕಟ್ಟಿತು. 1990ರಲ್ಲಿ ಮೊದಲ ಕಾರು ಬಂತು. ತಂಡಗಳಿಗೆ ನಿರ್ಧಾರದಲ್ಲಿ ಪಾಲು, ಗಿರಾಕಿಗಳಿಗೆ ಕಾರಿನ ಮೇಲೆ ಮನೆಮಗನಷ್ಟು ಪ್ರೀತಿ. ಎರಡನೇ ಬಗೆಯ ಕಾರು ಬರಲು 1999ರವರೆಗೆ ಕಾಯಬೇಕಾಯಿತು, ಅದೂ ತಯಾರಾದದ್ದು ಬೇರೆ ಕಾರ್ಖಾನೆಯಲ್ಲಿ. ಹಣದ ಪೆಟ್ಟಿಗೆಯ ಬೀಗದ ಕೈ ಡೆಟ್ರಾಯಿಟ್‌ನ ಮುಖ್ಯ ಕಚೇರಿಯಲ್ಲಿತ್ತು. 2010ಕ್ಕೆ ಸ್ಯಾಟರ್ನ್ ಇಲ್ಲ. ಕ್ರೈಸ್ಲರ್‌ನದ್ದು ಇನ್ನೂ ತಮಾಷೆ. 2009ರಲ್ಲಿ ದಿವಾಳಿಯಿಂದ ಹೊರಬಂದಾಗ ಅರ್ಧಕ್ಕಿಂತ ಹೆಚ್ಚು ಪಾಲು ಕಾರ್ಮಿಕ ಸಂಘದ ನಿವೃತ್ತರ ಆರೋಗ್ಯ ಟ್ರಸ್ಟಿನದ್ದಾಯಿತು. ಆಡಳಿತ ಮಂಡಳಿಯ 9 ಕುರ್ಚಿಗಳಲ್ಲಿ ಅದಕ್ಕೆ ಸಿಕ್ಕಿದ್ದು ಒಂದು. 2014ರ ಜನವರಿಯಲ್ಲಿ ಉಳಿದ ಪಾಲನ್ನೂ ಫಿಯಟ್‌ಗೆ ಮಾರಿ ಟ್ರಸ್ಟ್ ಹೊರಬಂತು. ಕೆಲಸದ ಮೇಲೆ ಹಿಡಿತ, ಷೇರು, ಮತ, ಈ ಮೂರೂ ಬೇರೆ ಬೇರೆ ಗಾಡಿಗಳು. ಒಂದು ಬಂದರೆ ಇನ್ನೊಂದು ಬಂದೇ ಬರುತ್ತದೆ ಎಂದು ನಂಬಿ ನಿಲ್ದಾಣದಲ್ಲಿ ಕೂತವರು ತುಂಬಾ ಜನ.

ಇದನ್ನೆಲ್ಲ ಓದಿಕೊಂಡ ಮೇಲೆ ಕೈಮರದ ನಿಯಮಾವಳಿಗೆ ನಾನೊಂದು ಕಲಮು ಸೇರಿಸಿದೆ. ಹೆಸರುಗಳು ಕಾರ್ಖಾನೆಯ ಆಸ್ತಿ ಅಲ್ಲ. ಕೈಮರ, ಗುಬ್ಬಿ, ಹೆಗಲು, ಮೇನೆ ಈ ನಾಲ್ಕೂ ಒಂದು ಪ್ರತ್ಯೇಕ ಟ್ರಸ್ಟಿನಲ್ಲಿರುತ್ತವೆ. ಈಗ ದುಡಿಯುತ್ತಿರುವವರೂ ದುಡಿದು ನಿವೃತ್ತರಾದವರೂ ಅದರ ಸದಸ್ಯರು. ಕಾರ್ಖಾನೆ ವರ್ಷಕ್ಕಿಷ್ಟು ಎಂದು ಬಾಡಿಗೆ ಕೊಟ್ಟು ಹೆಸರು ಬಳಸುತ್ತದೆ, ಆ ಬಾಡಿಗೆ ನಿವೃತ್ತರ ನಿಧಿಗೆ ಹೋಗುತ್ತದೆ. ನಾಳೆ ಕಾರ್ಖಾನೆ ದಿವಾಳಿಯಾದರೂ ದಿವಾಳಿ ಅಧಿಕಾರಿ ಯಂತ್ರಗಳನ್ನು ಮಾರಿಯಾನು, ಗುಬ್ಬಿಯನ್ನು ಮಾರಲಾರ. ದಿಗಂತದ ಸಮಸ್ಯೆಗೂ ಇದರಿಂದ ಸ್ವಲ್ಪ ಪರಿಹಾರ ಸಿಗುತ್ತದೆ: ನಿವೃತ್ತನಾದ ಮೇಲೂ ಹೆಸರು ಬಾಳಿದಷ್ಟು ಕಾಲ ನಿಧಿಗೆ ಹಣ ಬರುವುದಾದರೆ 57ರ ವಯಸ್ಸಿನವನೂ ಹೊಸ ಮಾಡೆಲ್ಲಿನ ಕಡೆ ತಿರುಗಿ ನೋಡಿಯಾನು.

ಕಲಮು ಬರೆದು ಬೀಗುತ್ತಿದ್ದೆ. ಆಗ ನೆನಪಾಯಿತು ಫೋರ್ಡ್. 2006ರ ಕೊನೆಯಲ್ಲಿ ಫೋರ್ಡ್ ಕಂಪನಿ 2,300 ಕೋಟಿ ಡಾಲರಿಗೂ ಹೆಚ್ಚಿನ ಸಾಲ ಎತ್ತಿತು. ಅಡವಿಟ್ಟದ್ದು ಕಾರ್ಖಾನೆಗಳನ್ನು, ಜೊತೆಗೆ ಆ ನೀಲಿ ಮೊಟ್ಟೆಯಾಕಾರದ ಲಾಂಛನವನ್ನು. ಹೌದು, ಫೋರ್ಡ್ ಎಂಬ ಹೆಸರನ್ನೇ ಬ್ಯಾಂಕಿನಲ್ಲಿ ಗಿರವಿ ಇಟ್ಟಿದ್ದರು. 2009ರಲ್ಲಿ ಜನರಲ್ ಮೋಟರ್ಸ್, ಕ್ರೈಸ್ಲರ್ ಎರಡೂ ದಿವಾಳಿ ಕೋರ್ಟಿಗೆ ಹೋದವು. ಫೋರ್ಡ್ ಹೋಗಲಿಲ್ಲ, ಕೈಯಲ್ಲಿ ಆ ಸಾಲದ ಹಣವಿತ್ತು. 2012ರ ಮೇ ತಿಂಗಳಲ್ಲಿ ಲಾಂಛನ ಬಿಡಿಸಿಕೊಂಡರು. ಕಷ್ಟಕ್ಕೆ ಕತ್ತಿನ ಸರ ಅಡವಿಟ್ಟು ಸಂಸಾರ ಉಳಿಸಿಕೊಂಡ ಹಾಗೆ. ನನ್ನ ಕಲಮು ಸರವನ್ನು ಟ್ರಸ್ಟಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಹೊಸ ಮಾಡೆಲ್ ಎಂದರೆ ಡೈಗಳು, ಪರೀಕ್ಷೆಗಳು, ವರ್ಷಗಟ್ಟಲೆ ಸಂಬಳ, ಲೆಕ್ಕ ಕೋಟಿಗಳಲ್ಲಿ. ಸಾಲ ಕೊಡುವವನು ಮೊದಲು ಕೇಳುವುದೇ ಆ ಪೆಟ್ಟಿಗೆಯ ಬಗ್ಗೆ.

ಎರಡು ವಾರ ಇದರ ಮೇಲೆ ಕೂತು, ಕಲಮನ್ನು ತಿದ್ದಿದೆ. ಟ್ರಸ್ಟಿನ ಮೂರನೇ ಎರಡರಷ್ಟು ಸದಸ್ಯರು ಒಪ್ಪಿದರೆ ಮೇನೆ ಮತ್ತು ಹೆಗಲನ್ನು ಅಡವಿಡಬಹುದು. ಕೈಮರ ಮತ್ತು ಗುಬ್ಬಿಯನ್ನು ಎಂದೂ ಇಡುವಂತಿಲ್ಲ. ಗುಬ್ಬಿಗೆ ಯಾಕೆ ಈ ರಿಯಾಯಿತಿ? ಭಾವುಕತೆ ಅಲ್ಲ. ತೆಳು ಲಾಭದ ಪುಟ್ಟ ಕಾರಿನ ಹೆಸರಿನ ಮೇಲೆ ಯಾವ ಬ್ಯಾಂಕೂ ಹೇಳಿಕೊಳ್ಳುವಷ್ಟು ಸಾಲ ಕೊಡುವುದಿಲ್ಲ. ಯಾರಿಗೂ ಬೇಡವಾದದ್ದಕ್ಕೆ ರಕ್ಷಣೆ ಕೊಡುವುದು ಅಗ್ಗ.

ಗುಬ್ಬಿಯ ಸಾವನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕತೆ ಅರ್ಧವಾಗುತ್ತದೆ. ಕೈಮರ ಬ್ಯಾಟರಿ ವಾಹನಗಳ ಕಡೆ ತಿರುಗಬೇಕಾಗಿ ಬರುತ್ತದೆ. ಬ್ಯಾಟರಿ ಎಂಬುದು ಅಂಥ ವಾಹನದ ಅತಿ ದುಬಾರಿ ಭಾಗ, ಬೆಲೆ ಕಡಿಮೆ ಇರುವ ಕಾರಿಗೆ ಆ ಹೊರೆ ಇನ್ನೂ ಭಾರ. ವ್ಯಾನಿಗೆ ಆಗುತ್ತದೆ, ಮೇನೆಗೆ ಆಗುತ್ತದೆ, ಗುಬ್ಬಿಗೆ ಆಗುವುದಿಲ್ಲ. ಇಂಜಿನ್ ಶಾಪಿನ 900 ಜನಕ್ಕೆ ಗುಬ್ಬಿ ಎಂದರೆ ಅನ್ನ. 2009ರ ಏಪ್ರಿಲಿನಲ್ಲಿ ಪಾಂಟಿಯಾಕ್ ನಿಲ್ಲಿಸುತ್ತೇವೆಂದು ಜನರಲ್ ಮೋಟರ್ಸ್ ಪತ್ರಕರ್ತರನ್ನು ಕರೆದು ಹೇಳಿತು, ಮುಗಿಯಿತು. ಕೈಮರದಲ್ಲಿ ಅದು ಅಷ್ಟು ಬೇಗ ಮುಗಿಯುವುದಿಲ್ಲ. ಮೂರು ಸಭೆ. ಮೊದಲನೆಯದರಲ್ಲಿ ಕೂಗಾಟ. ಎರಡನೆಯದರಲ್ಲಿ ಲೆಕ್ಕಪತ್ರ. ಮೂರನೆಯದರಲ್ಲಿ ಇಂಜಿನ್ ಶಾಪಿನ ಹಿರಿಯಳೊಬ್ಬಳು ಎದ್ದು, ನಮ್ಮನ್ನು ಹೆಗಲಿನ ಲೈನಿಗೆ ಹಾಕುತ್ತೀರಾ, ಕಲಿಯುವವರೆಗೆ ಪೂರ್ತಿ ಸಂಬಳ ಕೊಡುತ್ತೀರಾ, ಅದನ್ನು ಈಗಲೇ ಬರೆಯಿರಿ ಎನ್ನುತ್ತಾಳೆ. ಬರೆಯುತ್ತಾರೆ. ಮತ ಎಣಿಸುತ್ತಾರೆ. ಗುಬ್ಬಿಯ ತಯಾರಿಕೆ ನಿಲ್ಲುತ್ತದೆ, ಕೂದಲೆಳೆಯ ಅಂತರದಲ್ಲಿ. ಆ ಹಿರಿಯಳು ಮತ ಹಾಕಿದ್ದು ನಿಲ್ಲಿಸಬಾರದು ಎಂದು.

ಇಲ್ಲಿಗೆ ಮಾತು ಮುಗಿಸಿದ್ದೆ. ಹಿಂದಿನ ಸಾಲಿನಿಂದ ಒಬ್ಬ ತರುಣಿ ಕೇಳಿದಳು: "ಸರ್, ಕಾರೇ ಇಲ್ಲದ ಮೇಲೆ ಆ ಹೆಸರನ್ನು ಪೆಟ್ಟಿಗೆಯಲ್ಲಿಟ್ಟು ಏನು ಮಾಡ್ತಾರೆ? ಬಳಸದೆ ಇದ್ದರೆ ಟ್ರೇಡ್‌ಮಾರ್ಕ್ ರದ್ದಾಗಲ್ವಾ?"

ಆಗುತ್ತದಮ್ಮ, ನೀನು ಹೇಳಿದ್ದು ಸರಿ. ಯುರೋಪಿನ ಒಕ್ಕೂಟದಲ್ಲಿ ಸತತ 5 ವರ್ಷ ಬಳಸದಿದ್ದರೆ ಯಾರು ಬೇಕಾದರೂ ರದ್ದು ಮಾಡಿಸಲು ಕೇಳಬಹುದು. ಇದೇ ತಕರಾರು ಫೆರಾರಿಗೂ ಬಂದಿತ್ತು. ಟೆಸ್ಟರೋಸಾ ಎಂಬ ಅವರ ಕಾರು ನಿಂತು ಎಷ್ಟೋ ಕಾಲವಾಗಿತ್ತು, ಹೆಸರನ್ನು ಬೇರೊಬ್ಬರು ಪ್ರಶ್ನಿಸಿದರು. 2020ರ ಅಕ್ಟೋಬರಿನಲ್ಲಿ ಯುರೋಪಿನ ನ್ಯಾಯಾಲಯ ಹೇಳಿತು: ಹಳೇ ಕಾರುಗಳಿಗೆ ಆ ಹೆಸರಿನಲ್ಲಿ ಬಿಡಿಭಾಗ ಮಾರುತ್ತಿದ್ದರೂ ಅದನ್ನು ಬಳಕೆ ಎಂದೇ ಎಣಿಸಬಹುದು. ಆದ್ದರಿಂದ ಕೈಮರದ ಇಂಜಿನ್ ಶಾಪನ್ನು ಪೂರ್ತಿ ಮುಚ್ಚುವುದಿಲ್ಲ. ಒಂದು ಮೂಲೆಯಲ್ಲಿ ಹನ್ನೆರಡು ಜನ ಉಳಿಯುತ್ತಾರೆ. ರಸ್ತೆಯಲ್ಲಿ ಇನ್ನೂ ಓಡುತ್ತಿರುವ ಗುಬ್ಬಿಗಳಿಗೆ ಪಿಸ್ಟನ್ ರಿಂಗು, ವಾಟರ್ ಪಂಪು, ಕ್ಲಚ್ ಪ್ಲೇಟು ಮಾಡುತ್ತಾರೆ. ಪೆಟ್ಟಿಗೆಯ ಮೇಲೆ ಗುಬ್ಬಿ ಎಂದು ಅಚ್ಚು ಹಾಕಿ ಡೀಲರುಗಳಿಗೆ ಕಳಿಸುತ್ತಾರೆ.